ಪಾಯಿಂಟ್ ಒಬ್ಬರದು, ಸೀಟು ಇನ್ನೊಬ್ಬರದು

ಕಳೆದ ವರ್ಷ ದ್ವಿತೀಯ ಪಿಯುಸಿ ಅಕೌಂಟೆನ್ಸಿ ತರಗತಿಯಲ್ಲಿ ಆಸ್ತಿ ಮತ್ತು ಹೊಣೆಗಾರಿಕೆಗಳ ಪಾಠ ನಡೆಯುತ್ತಿತ್ತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ಕೇಳಿದ: “ಮೇಡಂ, ನಮ್ಮ ಉಪ್ಪನ ಹತ್ತಿರ ವಿಮಾನ ಕಂಪನಿಯ ಪಾಯಿಂಟ್ ಐವತ್ತು ಸಾವಿರ ಇದೆಯಂತೆ. ಅದು ಆಸ್ತಿಯಾ?” ತರಗತಿಯಲ್ಲಿ ಎಲ್ಲರೂ ನಕ್ಕರು. “ನಿಮ್ಮ ಉಪ್ಪನಿಗೆ ಆಸ್ತಿ, ಕಂಪನಿಗೆ ಹೊಣೆ” ಎಂದು ಹೇಳುವಷ್ಟರಲ್ಲಿ ಬೆಲ್ ಆಯಿತು. ಆ ಉತ್ತರ ಅರ್ಧಕ್ಕೇ ನಿಂತಿತು. ನಮ್ಮ ಕಾಲೇಜಿನಲ್ಲಿ ಮನೆಯವರಲ್ಲಿ ಒಬ್ಬರಾದರೂ ಹೊರದೇಶದಲ್ಲಿರುವ ವಿದ್ಯಾರ್ಥಿಗಳು ಬಹಳ ಮಂದಿ ಇದ್ದಾರೆ. ಆದ್ದರಿಂದ ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ಕಥೆ. ನನ್ನ ಸೋದರಮಾವ ಗಲ್ಫ್‌ನಲ್ಲಿ 22 ವರ್ಷ ದುಡಿದವರು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಬರುತ್ತಿದ್ದರು. ಮೊದಲ ಪ್ರಯಾಣದಲ್ಲೇ ಯಾರೋ ಒಂದು ಫಾರಂ ತುಂಬಿಸಿ ವಿಮಾನ ಕಂಪನಿಯ ಸದಸ್ಯತ್ವದ ಕಾರ್ಡ್ ಕೊಟ್ಟಿದ್ದರು. ಮಾವ ಅದನ್ನು ಪಾಸ್‌ಪೋರ್ಟ್ ಕವರಿನೊಳಗೆ ಇಟ್ಟವರು ಮತ್ತೆ ತೆಗೆದು ನೋಡಲಿಲ್ಲ. ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಒಂದು ದಿನ ಕಾರ್ಡನ್ನು ನನ್ನ ಕೈಗೆ ಕೊಟ್ಟು, “ನೀನು ಕಾಮರ್ಸ್ ಓದಿದವಳಲ್ಲವಾ, ಇದರಲ್ಲಿ ಏನಾದರೂ ಇದೆಯಾ ನೋಡು. ನಿನ್ನ ಮಾಮಿಯನ್ನು ಒಮ್ಮೆ ಎಲ್ಲಿಗಾದರೂ ಕರೆದುಕೊಂಡು ಹೋಗಬಹುದಾ?” ಎಂದರು.

ಪಾಸ್‌ವರ್ಡ್ ಹೊಸದಾಗಿ ಪಡೆದು ಖಾತೆ ತೆರೆದೆ. ಕೊನೆಯ ಪ್ರಯಾಣದ ಪಾಯಿಂಟ್ ಮಾತ್ರ ಉಳಿದಿತ್ತು. ಆ ಕಂಪನಿಯಲ್ಲಿ ಪಾಯಿಂಟ್‌ಗೆ ಮೂರು ವರ್ಷದ ಆಯುಸ್ಸು. ಅದಕ್ಕಿಂತ ಹಿಂದಿನದೆಲ್ಲ ವರ್ಷ ವರ್ಷವೂ ಸದ್ದಿಲ್ಲದೆ ಅಳಿಸಿಹೋಗಿತ್ತು. ಉಳಿದದ್ದರಲ್ಲಿ ಒಬ್ಬರ ಟಿಕೆಟ್ಟೂ ಆಗುವಂತಿರಲಿಲ್ಲ. ಮಾವ ಏನೂ ಹೇಳಲಿಲ್ಲ. ಕಾರ್ಡನ್ನು ಅದೇ ಕವರಿನೊಳಗೆ ಇಟ್ಟುಕೊಂಡು ಹೋದರು. ಆ ದಿನದಿಂದ ನಾನು ಈ ವಿಷಯವನ್ನು ಪಾಠದಂತೆ ಓದತೊಡಗಿದೆ.

ಪಾಯಿಂಟ್ ಎಂದರೇನು?

ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ ‘ಎಎಡ್ವಾಂಟೇಜ್’ ಎಂಬ ಯೋಜನೆಯನ್ನು ಆರಂಭಿಸಿತು. ಪದೇ ಪದೇ ತನ್ನಲ್ಲೇ ಹಾರುವ ಗ್ರಾಹಕರಿಗೆ, ಹಾರಿದ ಮೈಲಿಗಳ ಲೆಕ್ಕವಿಟ್ಟು ಮುಂದೆ ಉಚಿತ ಟಿಕೆಟ್ ಕೊಡುವುದು ಅದರ ಕ್ರಮ. ಕೆಲವೇ ದಿನಗಳಲ್ಲಿ ಯುನೈಟೆಡ್ ಕೂಡ ಅದೇ ದಾರಿ ಹಿಡಿಯಿತು. ಇಂದು ಹೆಚ್ಚಿನ ದೊಡ್ಡ ವಿಮಾನ ಕಂಪನಿಗಳಲ್ಲಿ ಇಂಥ ಯೋಜನೆ ಇದೆ. ಕೆಲವರು ಮೈಲ್ ಎನ್ನುತ್ತಾರೆ, ಕೆಲವರು ಪಾಯಿಂಟ್ ಎನ್ನುತ್ತಾರೆ, ಕೆಲವರು ಏವಿಯೋಸ್ ಎನ್ನುತ್ತಾರೆ. ಹೆಸರು ಬೇರೆ, ಸರಕು ಒಂದೇ.

ಈಗ ನಮ್ಮ ಅಕೌಂಟೆನ್ಸಿಗೆ ಬನ್ನಿ. ಒಂದು ಕಂಪನಿ 10,000 ರೂಪಾಯಿಗೆ ಟಿಕೆಟ್ ಮಾರಿ, ಜೊತೆಗೆ 400 ರೂಪಾಯಿ ಬೆಲೆಬಾಳುವ ಪಾಯಿಂಟ್ ಕೊಟ್ಟಿತು ಎಂದಿಟ್ಟುಕೊಳ್ಳಿ. ಬ್ಯಾಂಕ್ ಖಾತೆಗೆ 10,000 ಬಂತು. ಆದರೆ ವಿಮಾನ ಹಾರಿದ ದಿನ ಪೂರ್ತಿ ಮೊತ್ತವನ್ನು ಆದಾಯವೆಂದು ತೋರಿಸುವಂತಿಲ್ಲ. 9,600 ರೂಪಾಯಿ ಆದಾಯ, ಉಳಿದ 400 ರೂಪಾಯಿ ಹೊಣೆಗಾರಿಕೆ. ಗ್ರಾಹಕ ಆ ಪಾಯಿಂಟ್ ಬಳಸಿದಾಗ ಮಾತ್ರ ಅದು ಆದಾಯವಾಗುತ್ತದೆ. ನಮ್ಮ ದೇಶದಲ್ಲಿ ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ಮಾನದಂಡ ಹೇಳುವುದು ಇದನ್ನೇ. ಅನುಪಾತದ ಲೆಕ್ಕ ಇನ್ನೂ ಸ್ವಲ್ಪ ಸೂಕ್ಷ್ಮ, ಬಿ.ಕಾಂ.ನಲ್ಲಿ ಓದುತ್ತೀರಿ.

ಗ್ರಾಹಕ ಬಳಸದೆ ಪಾಯಿಂಟ್ ಅಳಿದುಹೋದರೆ? ಕೊಡಬೇಕಾದದ್ದು ಉಳಿಯುವುದಿಲ್ಲ, ಆ 400 ರೂಪಾಯಿಯೂ ಆದಾಯದ ಕಡೆಗೆ ಹೋಗುತ್ತದೆ. ಇದಕ್ಕೆ ಬ್ರೇಕೇಜ್ ಎಂದು ಹೆಸರು. ಎಷ್ಟು ಪಾಯಿಂಟ್ ಬಳಕೆಯಾಗದೆ ಉಳಿಯಬಹುದು ಎಂದು ಕಂಪನಿಗಳು ಮೊದಲೇ ಅಂದಾಜು ಮಾಡಿ ಲೆಕ್ಕದಲ್ಲಿ ಸೇರಿಸಿರುತ್ತವೆ. ನನ್ನ ಮಾವ 22 ವರ್ಷದಲ್ಲಿ ಕಳೆದುಕೊಂಡದ್ದು ಎಲ್ಲಿಗೆ ಹೋಯಿತು ಎಂಬುದು ಈಗ ನಿಮಗೆ ತಿಳಿಯಿತು.

ಈ ಯೋಜನೆಗಳು ಎಷ್ಟು ದೊಡ್ಡ ವ್ಯಾಪಾರವೆಂದರೆ, ಕೊರೋನಾ ಕಾಲದಲ್ಲಿ ವಿಮಾನಗಳು ನೆಲದಲ್ಲೇ ನಿಂತಾಗ ಅಮೆರಿಕದ ಕಂಪನಿಗಳು ಇವನ್ನೇ ಅಡವಿಟ್ಟು ಸಾಲ ಎತ್ತಿದವು. 2020ರಲ್ಲಿ ಡೆಲ್ಟಾ 900 ಕೋಟಿ ಡಾಲರ್, 2021ರಲ್ಲಿ ಅಮೆರಿಕನ್ 1,000 ಕೋಟಿ ಡಾಲರ್ ಪಡೆದವು. ಬ್ಯಾಂಕುಗಳಿಗೆ ಪಾಯಿಂಟ್ ಮಾರುವುದೇ ಅವರಿಗೆ ದೊಡ್ಡ ಆದಾಯ. ಬ್ಯಾಂಕುಗಳು ಅವನ್ನು ಕಾರ್ಡ್ ಬಳಸುವವರಿಗೆ ಹಂಚುತ್ತವೆ.

ಕಂಪನಿಗಳ ಕೂಟ

ಪಾಯಿಂಟ್ ಕೊಟ್ಟ ಕಂಪನಿಯ ವಿಮಾನದಲ್ಲೇ ಹೋಗಬೇಕು ಎಂದು ಹೆಚ್ಚಿನವರು ತಿಳಿದಿದ್ದಾರೆ. ಹಾಗೇನೂ ಇಲ್ಲ. ಯಾವ ಕಂಪನಿಯೂ ಜಗತ್ತಿನ ಎಲ್ಲ ಊರಿಗೂ ಹಾರುವುದಿಲ್ಲ. ಆದ್ದರಿಂದ ಅವು ತಮ್ಮತಮ್ಮೊಳಗೆ ಒಪ್ಪಂದ ಮಾಡಿಕೊಂಡಿವೆ. ದೊಡ್ಡ ಕೂಟಗಳು ಮೂರು: 1997ರಲ್ಲಿ ಹುಟ್ಟಿದ ಸ್ಟಾರ್ ಅಲಯನ್ಸ್, 1999ರಲ್ಲಿ ಕೆಲಸ ಆರಂಭಿಸಿದ ಒನ್‌ವರ್ಲ್ಡ್, 2000ದ ಸ್ಕೈಟೀಮ್.

ನಮಗೆ ಪರಿಚಯವಿರುವ ಕಂಪನಿಗಳು ಎಲ್ಲಿವೆ ನೋಡಿ. ಏರ್ ಇಂಡಿಯಾ 2014ರಲ್ಲಿ ಸ್ಟಾರ್ ಅಲಯನ್ಸ್ ಸೇರಿತು. ಲುಫ್ತಾನ್ಸಾ, ಸಿಂಗಾಪುರ್ ಏರ್‌ಲೈನ್ಸ್, ಏರ್ ಕೆನಡಾ, ಟರ್ಕಿಷ್, ಯುನೈಟೆಡ್ ಕೂಡ ಅಲ್ಲೇ ಇವೆ. ಕತಾರ್ ಏರ್‌ವೇಸ್ 2013ರಿಂದ ಒನ್‌ವರ್ಲ್ಡ್‌ನಲ್ಲಿದೆ, ಬ್ರಿಟಿಷ್ ಏರ್‌ವೇಸ್ ಅದೇ ಕೂಟದ್ದು. ಸೌದಿಯಾ 2012ರಿಂದ ಸ್ಕೈಟೀಮ್‌ನಲ್ಲಿದೆ. ಎಮಿರೇಟ್ಸ್ ಮತ್ತು ಎತಿಹಾದ್ ಯಾವ ಕೂಟದಲ್ಲೂ ಇಲ್ಲ. ಆದರೆ ಬಿಡಿಬಿಡಿಯಾಗಿ ಒಪ್ಪಂದ ಮಾಡಿಕೊಂಡಿವೆ. ಎಮಿರೇಟ್ಸ್‌ಗೆ ಆಸ್ಟ್ರೇಲಿಯಾದ ಕ್ವಾಂಟಾಸ್ ಜೊತೆ 2013ರಿಂದ ಪಾಲುದಾರಿಕೆ ಇದೆ.

ಇಲ್ಲಿ ಎರಡು ವಿಷಯ ಗಮನಿಸಿ. ಬಜಪೆಯಿಂದ ಗಲ್ಫ್‌ಗೆ ನಮ್ಮವರು ಹೆಚ್ಚಾಗಿ ಹೋಗುವ ಏರ್ ಇಂಡಿಯಾ ಎಕ್ಸ್‌ಪ್ರೆಸ್, ಏರ್ ಇಂಡಿಯಾದ ಗುಂಪಿನದೇ ಆದರೂ ಸ್ಟಾರ್ ಅಲಯನ್ಸ್‌ನ ಸದಸ್ಯನಲ್ಲ. ಹೆಸರು ನೋಡಿ ಮೋಸ ಹೋಗಬೇಡಿ. ಎರಡನೆಯದು, ಕತಾರ್ ಏರ್‌ವೇಸ್ 2022ರಿಂದ ಬ್ರಿಟಿಷ್ ಏರ್‌ವೇಸ್ ಬಳಸುವ ಏವಿಯೋಸನ್ನೇ ತನ್ನ ನಾಣ್ಯವಾಗಿ ಇಟ್ಟುಕೊಂಡಿದೆ. ಎರಡೂ ಕಡೆಯ ಖಾತೆಗಳನ್ನು ಜೋಡಿಸಿ ಪಾಯಿಂಟ್ ಆಚೀಚೆ ಮಾಡಬಹುದು. ದೋಹಾದಲ್ಲಿರುವ ಅಣ್ಣ ಕೂಡಿಟ್ಟದ್ದು ಲಂಡನ್ನಿನ ಕಂಪನಿಯ ಖಾತೆಯಲ್ಲೂ ಚಲಾವಣೆಯಾಗುತ್ತದೆ.

ಈ ಒಪ್ಪಂದ ಹೇಗೆ ನಡೆಯುತ್ತದೆ? ‘ಅ’ ಕಂಪನಿಯ ಪಾಯಿಂಟ್ ಕೊಟ್ಟು ನೀವು ‘ಬ’ ಕಂಪನಿಯ ವಿಮಾನದಲ್ಲಿ ಕೂತರೆ, ‘ಅ’ ಕಂಪನಿ ‘ಬ’ ಕಂಪನಿಗೆ ಮೊದಲೇ ಮಾತಾದ ದರದಲ್ಲಿ ಹಣ ಕೊಡುತ್ತದೆ. ಆ ದರ ಸಾಮಾನ್ಯವಾಗಿ ಪೇಟೆಯ ಟಿಕೆಟ್ ಬೆಲೆಗಿಂತ ಬಹಳ ಕಡಿಮೆ. ಹಾಗಾಗಿ ದುಡ್ಡು ಕೊಡುವವರಿಗೆ ಮಾರಿಹೋಗಲಾರದು ಎಂದು ಕಂಡ ಸೀಟುಗಳನ್ನಷ್ಟೇ ‘ಬ’ ಕಂಪನಿ ಪಾಲುದಾರರಿಗೆ ಬಿಡುತ್ತದೆ. ವಿಮಾನದಲ್ಲಿ ಐವತ್ತು ಸೀಟು ಖಾಲಿ ಇದ್ದರೂ ಪಾಯಿಂಟ್‌ಗೆ ಒಂದೂ ಸಿಗದಿರುವುದು ಇದರಿಂದ.

ಎಷ್ಟು ಪಾಯಿಂಟ್ ಎಂದು ನಿರ್ಧರಿಸುವುದು ಯಾರು? ಪಾಯಿಂಟ್ ಇಟ್ಟುಕೊಂಡ ‘ಅ’ ಕಂಪನಿ. ಇದು ಈ ಪಾಠದ ನಡುಗಂಬ. ಒಂದೇ ದಿನದ, ಒಂದೇ ವಿಮಾನದ, ಅಕ್ಕಪಕ್ಕದ ಎರಡು ಸೀಟುಗಳಿಗೆ ಎರಡು ಯೋಜನೆಗಳಲ್ಲಿ ಬೇರೆ ಬೇರೆ ಪಾಯಿಂಟ್ ಇರಬಹುದು. ಕೆಲವು ಕಂಪನಿಗಳು ಪಾಲುದಾರರ ಸೀಟಿಗೆ ದೂರದ ಮೇಲೆ ಅಥವಾ ವಲಯದ ಮೇಲೆ ಪಟ್ಟಿ ಇಟ್ಟಿವೆ. ಕೆಲವು ಪಟ್ಟಿಯನ್ನೇ ತೆಗೆದುಹಾಕಿ ದಿನಕ್ಕೊಂದು ಬೆಲೆ ಹೇಳುತ್ತವೆ. ಡೆಲ್ಟಾ 2015ರಲ್ಲೇ ಪಟ್ಟಿ ತೆಗೆಯಿತು. ಪಟ್ಟಿ ಇರುವ ಕಡೆ, ಹಬ್ಬ ಅಥವಾ ಶಾಲಾ ರಜೆಯ ಸಮಯದಲ್ಲಿ ಟಿಕೆಟ್ ಬೆಲೆ ಏರಿದರೂ ಪಾಯಿಂಟ್ ಏರುವುದಿಲ್ಲ. ಸೀಟು ಸಿಕ್ಕಬೇಕು, ಅಷ್ಟೇ.

ಉಮ್ಮನ ಟೊರಾಂಟೊ ಪ್ರಯಾಣ

ಇದನ್ನೆಲ್ಲ ಓದಿಕೊಂಡದ್ದು ನಿಜವಾಗಿ ಕೆಲಸಕ್ಕೆ ಬಂದದ್ದು ತಂಗಿಯ ಬಾಣಂತನಕ್ಕೆ. ತಂಗಿ ಟೊರಾಂಟೊದಲ್ಲಿದ್ದಾಳೆ. ಮೊದಲ ಹೆರಿಗೆ. ವೈದ್ಯರು ಹೇಳಿದ ದಿನಕ್ಕಿಂತ ಮೊದಲೇ ಉಮ್ಮ ಅಲ್ಲಿರಬೇಕು ಎಂಬುದು ಅವಳ ಆಸೆ. ಉಮ್ಮನ ವೀಸಾ ಬರುವಾಗ ಮೂರೇ ವಾರ ಉಳಿದಿತ್ತು. ಅಷ್ಟು ಹತ್ತಿರದ ದಿನಕ್ಕೆ ಟಿಕೆಟ್ ಬೆಲೆ ನಮ್ಮ ಕೈಗೆ ಮೀರಿದ್ದು. ತಂಗಿಯ ಗಂಡನ ಕಾರ್ಡಿನಲ್ಲಿ ಪಾಯಿಂಟ್ ಇತ್ತು. ಅದನ್ನು ಸ್ಟಾರ್ ಅಲಯನ್ಸ್‌ನ ಒಂದು ಕಂಪನಿಯ ಖಾತೆಗೆ ಬದಲಾಯಿಸಬಹುದಿತ್ತು.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮಾರ್ಗವಾಗಿ ಒಂದು ಸೀಟು ಪರದೆಯ ಮೇಲೆ ಕಂಡಿತು. ಅವರು ಖುಷಿಯಲ್ಲಿ ಆ ಕ್ಷಣವೇ ಕಾರ್ಡಿನ ಪಾಯಿಂಟ್ ಎಲ್ಲವನ್ನೂ ಆ ಖಾತೆಗೆ ಕಳಿಸಿಬಿಟ್ಟರು. ಬುಕ್ ಮಾಡಲು ಹೋದಾಗ “ಈ ಸೀಟು ಲಭ್ಯವಿಲ್ಲ” ಎಂದು ಬಂತು. ಮತ್ತೆ ಒತ್ತಿದರೂ ಅದೇ ಉತ್ತರ. ಸೀಟು ಮೊದಲೇ ಹೋಗಿತ್ತು, ಪರದೆಯ ಮೇಲೆ ಮಾತ್ರ ಉಳಿದಿತ್ತು. ಬಲ್ಲವರು ಇದನ್ನು ಭೂತ ಸೀಟು ಎನ್ನುತ್ತಾರೆ. ಕಾರ್ಡಿನಿಂದ ಹೋದ ಪಾಯಿಂಟನ್ನು ಹಿಂದಕ್ಕೆ ತರುವಂತೆಯೂ ಇಲ್ಲ. ಆ ರಾತ್ರಿ ತಂಗಿ ಫೋನಿನಲ್ಲಿ ಅತ್ತಳು. ಉಮ್ಮ ಮಾತ್ರ, “ನಾನು ಬರದಿದ್ದರೂ ಮಗು ಬರುತ್ತದೆ, ನೀನು ಊಟ ಮಾಡಿ ಮಲಗು” ಎಂದರು.

ಮರುದಿನ ನಾನು ಕಾಗದ ಪೆನ್ನು ಹಿಡಿದು ಕೂತೆ. ಪಾಯಿಂಟ್ ಸಿಕ್ಕಿಕೊಂಡದ್ದು ಒಂದು ಖಾತೆಯಲ್ಲಿ, ನಿಜ. ಆದರೆ ಆ ಖಾತೆಯಿಂದ ತೆರೆಯುವ ಬಾಗಿಲುಗಳು ಹಲವು. ಕೂಟದ ಯಾವ ಯಾವ ಕಂಪನಿ ಬೆಂಗಳೂರಿನಿಂದ ಹೊರಡುತ್ತದೆ, ಯಾವುದು ಟೊರಾಂಟೊಗೆ ಹೋಗುತ್ತದೆ ಎಂದು ಬರೆದೆ. ಪೂರ್ತಿ ದಾರಿಯನ್ನು ಒಮ್ಮೆಲೇ ಹುಡುಕದೆ ತುಂಡು ತುಂಡಾಗಿ ಹುಡುಕಿದೆ: ಮೊದಲು ಸಮುದ್ರ ದಾಟುವ ಉದ್ದದ ತುಂಡು, ಆಮೇಲೆ ಅದಕ್ಕೆ ಸೇರುವ ಸಣ್ಣ ತುಂಡು. ಉದ್ದದ ತುಂಡಿನಲ್ಲೇ ಸೀಟು ಸಿಗುವುದು ಕಷ್ಟ. ದಿನವನ್ನೂ ಹಿಂದೆ ಮುಂದೆ ಮಾಡಿ ನೋಡಿದೆ. ಎರಡು ದಿನ ತಡವಾಗಿ ದೆಹಲಿಯಿಂದ ಟೊರಾಂಟೊಗೆ ಏರ್ ಇಂಡಿಯಾದ ನೇರ ವಿಮಾನದಲ್ಲಿ ಒಂದು ಸೀಟು ಕಂಡಿತು. ಬೆಂಗಳೂರು–ದೆಹಲಿ ತುಂಡೂ ಅದೇ ಕಂಪನಿಯದು ಇತ್ತು.

ಈ ಸಲ ಅವಸರ ಮಾಡಲಿಲ್ಲ. ಅದೇ ಕೂಟದ ಇನ್ನೊಂದು ಕಂಪನಿಯ ವೆಬ್‌ಸೈಟಿನಲ್ಲೂ ಅದೇ ಸೀಟು ಕಾಣುತ್ತದೆಯೇ ಎಂದು ನೋಡಿದೆ. ಎರಡು ಕಡೆ ಕಂಡರೆ ಅದು ನಿಜವಾದ ಸೀಟಾಗಿರುವ ಸಾಧ್ಯತೆ ಹೆಚ್ಚು. ಆಮೇಲೆ ತಂಗಿಯ ಗಂಡ ಸಹಾಯವಾಣಿಗೆ ಫೋನ್ ಮಾಡಿ ವಿಮಾನದ ಸಂಖ್ಯೆ, ದಿನಾಂಕ ಹೇಳಿ ಕೇಳಿದರು. ಇದೆ ಎಂದರು. ಪಾಯಿಂಟ್ ಕಳೆದು, ತೆರಿಗೆಯ ಹಣ ಕಟ್ಟಿ, ಟಿಕೆಟ್ ಆಯಿತು. ಒಮ್ಮೆ ಗುಂಪಿನ ಜೊತೆ ಉಮ್ರಾಕ್ಕೆ ಹೋಗಿ ಬಂದದ್ದು ಬಿಟ್ಟರೆ ವಿಮಾನವನ್ನೇ ಹತ್ತದ ಉಮ್ಮನಿಗೆ, ಭಾಷೆ ತಿಳಿಯದ ಜರ್ಮನಿಯಲ್ಲಿ ವಿಮಾನ ಬದಲಿಸುವುದಕ್ಕಿಂತ ದೆಹಲಿಯಲ್ಲಿ ಬದಲಿಸುವುದೇ ಸುಲಭವಾಯಿತು.

ಟಿಕೆಟ್ ಕೈಗೆ ಬಂದ ಮೇಲೂ ಕೆಲಸ ಇತ್ತು. ವಿಮಾನದ ಟಿಕೆಟ್ ಸಂಖ್ಯೆಗೆ 13 ಅಂಕಿಗಳಿರುತ್ತವೆ. ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಕಂಪನಿಯ ಗುರುತು. ಏರ್ ಇಂಡಿಯಾದ್ದು 098, ಏರ್ ಕೆನಡಾದ್ದು 014, ಲುಫ್ತಾನ್ಸಾದ್ದು 220. ಪಾಲುದಾರರ ಮೂಲಕ ಮಾಡಿದ ಟಿಕೆಟ್‌ನಲ್ಲಿ ವಿಮಾನ ಒಬ್ಬರದು, ಸಂಖ್ಯೆ ಇನ್ನೊಬ್ಬರದು. ದಿನಾಂಕ ಬದಲಿಸಲು, ರದ್ದು ಮಾಡಲು ಪಾಯಿಂಟ್ ಪಡೆದ ಕಂಪನಿಯನ್ನೇ ಕೇಳಬೇಕು. ಸೀಟು, ಊಟ, ಗಾಲಿಕುರ್ಚಿಗೆ ವಿಮಾನ ಹಾರಿಸುವ ಕಂಪನಿಯನ್ನು ಕೇಳಬೇಕು. ಅದಕ್ಕೆ ಆ ಕಂಪನಿಯ ಪಿಎನ್‌ಆರ್ ಬೇರೆಯೇ ಇರುತ್ತದೆ, ಕೇಳಿ ಪಡೆಯಬೇಕು. ಉಮ್ಮನಿಗೆ ಗಾಲಿಕುರ್ಚಿ ಹೇಳಿದ್ದು ಹೀಗೆಯೇ.

ಮಂಗಳೂರಿನಿಂದ ಬೆಂಗಳೂರಿಗೆ ಬೇರೆ ವಿಮಾನ ಮಾಡಲಿಲ್ಲ, ಹಿಂದಿನ ರಾತ್ರಿಯ ಬಸ್ಸಿನಲ್ಲಿ ಕರೆದುಕೊಂಡು ಹೋದೆವು. ಎರಡು ಬೇರೆ ಬೇರೆ ಟಿಕೆಟ್‌ಗಳಿದ್ದು ಮೊದಲನೆಯ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಎರಡನೆಯ ಕಂಪನಿಗೆ ಅದರ ಹೊಣೆ ಇಲ್ಲ. ಒಂದೇ ಟಿಕೆಟ್‌ನಲ್ಲಿದ್ದರೆ ಮುಂದಿನ ವಿಮಾನಕ್ಕೆ ಹಾಕಿಕೊಡುತ್ತಾರೆ. ಉಮ್ಮ ತಲುಪಿದ ಆರನೆಯ ದಿನ ಮಗು ಹುಟ್ಟಿತು.

ಲಾಭವೋ ನಷ್ಟವೋ, ಲೆಕ್ಕ ಮಾಡಿ

ಪಾಯಿಂಟ್‌ನಲ್ಲಿ ಸಿಕ್ಕ ಟಿಕೆಟ್ ಎಲ್ಲ ಅಗ್ಗವಲ್ಲ. ಸೂತ್ರ ಸರಳ: ಟಿಕೆಟ್‌ನ ಪೇಟೆ ಬೆಲೆಯಿಂದ ನಾವು ಕೈಯಿಂದ ಕಟ್ಟುವ ತೆರಿಗೆ ಮತ್ತು ಶುಲ್ಕವನ್ನು ಕಳೆದು, ಉಳಿದದ್ದನ್ನು ಪಾಯಿಂಟ್‌ಗಳ ಸಂಖ್ಯೆಯಿಂದ ಭಾಗಿಸಿ. ಒಂದು ಪಾಯಿಂಟ್‌ಗೆ ಎಷ್ಟು ಬೆಲೆ ಬಂತು ಎಂದು ತಿಳಿಯುತ್ತದೆ. ಕೆಳಗಿನ ಸಂಖ್ಯೆಗಳು ಪಾಠಕ್ಕಾಗಿ ನಾನೇ ಇಟ್ಟುಕೊಂಡವು. ಟಿಕೆಟ್‌ನ ಪೇಟೆ ಬೆಲೆ 42,000 ರೂಪಾಯಿ.

ಮೊದಲ ದಾರಿ: ಒಂದು ಯೋಜನೆಯಲ್ಲಿ 60,000 ಪಾಯಿಂಟ್ ಮತ್ತು 3,000 ರೂಪಾಯಿ. 39,000ವನ್ನು 60,000ದಿಂದ ಭಾಗಿಸಿದರೆ ಪಾಯಿಂಟ್‌ಗೆ 65 ಪೈಸೆ.

ಎರಡನೆಯ ದಾರಿ: ಪಾಲುದಾರ ಯೋಜನೆಯಲ್ಲಿ 25,000 ಪಾಯಿಂಟ್ ಮತ್ತು 7,000 ರೂಪಾಯಿ. 35,000ವನ್ನು 25,000ದಿಂದ ಭಾಗಿಸಿದರೆ 1 ರೂಪಾಯಿ 40 ಪೈಸೆ.

ಮೂರನೆಯ ದಾರಿ: ಇನ್ನೊಂದು ಯೋಜನೆಯಲ್ಲಿ 20,000 ಪಾಯಿಂಟ್ ಮಾತ್ರ, ಆದರೆ ಶುಲ್ಕ 30,000 ರೂಪಾಯಿ. 12,000ವನ್ನು 20,000ದಿಂದ ಭಾಗಿಸಿದರೆ 60 ಪೈಸೆ.

ಪಾಯಿಂಟ್ ಕಡಿಮೆ ಎಂದು ಮೂರನೆಯದನ್ನು ಆರಿಸಿದವರಿಗೆ ನಷ್ಟ. ಇಲ್ಲಿ ಅಡಗಿರುವುದು ಇಂಧನ ಸರ್ಚಾರ್ಜ್ ಎಂಬ ಹೆಸರಿನಲ್ಲಿ ಕಂಪನಿಯೇ ಹಾಕುವ ಶುಲ್ಕ. ಅದು ಸರಕಾರದ ತೆರಿಗೆಯಲ್ಲ. ಪಾಲುದಾರರ ಟಿಕೆಟ್‌ಗೆ ಕೆಲವು ಯೋಜನೆಗಳು ಇದನ್ನು ಗ್ರಾಹಕನಿಂದ ವಸೂಲು ಮಾಡುತ್ತವೆ, ಕೆಲವು ಮಾಡುವುದಿಲ್ಲ. ಏರ್ ಕೆನಡಾದ ಏರೋಪ್ಲಾನ್ 2020ರಲ್ಲಿ ಇದನ್ನು ಕೈಬಿಟ್ಟಿತು. ಹಾಗೆಯೇ 25,000 ಪಾಯಿಂಟ್ ಕೊಟ್ಟು 6,250 ರೂಪಾಯಿಯ ಶಾಪಿಂಗ್ ವೋಚರ್ ತೆಗೆದುಕೊಂಡರೆ ಪಾಯಿಂಟ್‌ಗೆ ಸಿಕ್ಕಿದ್ದು 25 ಪೈಸೆ. ಮಿಕ್ಸಿ, ಬ್ಯಾಗ್ ಎಂದು ಪಾಯಿಂಟ್ ಕರಗಿಸುವ ಮೊದಲು ಈ ಭಾಗಾಕಾರ ಮಾಡಿ.

ಎಚ್ಚರ ಬೇಕಾದ ಕಡೆಗಳು

ಪಾಯಿಂಟ್‌ಗಾಗಿ ಖರ್ಚು ಮಾಡಬೇಡಿ, ಹೇಗೂ ಆಗಬೇಕಾದ ಖರ್ಚಿನಿಂದ ಪಾಯಿಂಟ್ ಬರಲಿ. ಕ್ರೆಡಿಟ್ ಕಾರ್ಡಿನ ಬಾಕಿ ಪೂರ್ತಿ ಕಟ್ಟದೆ ಉಳಿಸಿಕೊಂಡರೆ ತಿಂಗಳಿಗೆ ಶೇ. 3 ಬಡ್ಡಿ ಎಂದರೂ ವರ್ಷಕ್ಕೆ ಶೇ. 36 ಆಯಿತು. ಯಾವ ಪಾಯಿಂಟೂ ಅದನ್ನು ತುಂಬಿಕೊಡದು. ಬಡ್ಡಿಯ ಹತ್ತಿರ ಹೋಗಬೇಡ ಎಂದು ಮನೆಯಲ್ಲಿ ಕೇಳಿಕೊಂಡೇ ಬೆಳೆದ ನಿಮಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಕಾರ್ಡಿನ ಪಾಯಿಂಟನ್ನು ವಿಮಾನ ಕಂಪನಿಗೆ ಕಳಿಸುವ ಮೊದಲು ಸೀಟು ಖಚಿತ ಮಾಡಿಕೊಳ್ಳಿ. ನಮ್ಮ ತಪ್ಪು ನಿಮ್ಮ ಮನೆಯಲ್ಲಿ ಆಗುವುದು ಬೇಡ.

ಸದಸ್ಯತ್ವದ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ನಮ್ಮ ಕಡೆಯ ಹಳೆಯ ಪಾಸ್‌ಪೋರ್ಟುಗಳಲ್ಲಿ ಮನೆಹೆಸರು ಇಲ್ಲದೆ ಒಂದೇ ಹೆಸರು ಇರುವುದುಂಟು. ಖಾತೆಯಲ್ಲಿ ಒಂದು, ಟಿಕೆಟ್‌ನಲ್ಲಿ ಇನ್ನೊಂದು ಆದರೆ ಪಾಯಿಂಟ್ ಜಮೆಯಾಗುವುದೇ ಇಲ್ಲ.

“ನಿಮ್ಮ ಪಾಯಿಂಟ್ ಇಂದು ಮುಗಿಯುತ್ತದೆ, ಈ ಲಿಂಕ್ ಒತ್ತಿ” ಎಂಬ ಸಂದೇಶ ಬಂದರೆ ಒತ್ತಬೇಡಿ. ಒಟಿಪಿ ಯಾರಿಗೂ ಹೇಳಬೇಡಿ. ಕಂಪನಿಯ ಆ್ಯಪ್ ಅನ್ನು ನೀವೇ ತೆರೆದು ನೋಡಿ. ಅಪರಿಚಿತರಿಂದ ಪಾಯಿಂಟ್ ಕೊಳ್ಳುವುದು, ಅವರಿಗೆ ಮಾರುವುದು ಬೇಡ. ಯೋಜನೆಗಳ ನಿಯಮದಲ್ಲಿ ಇದು ನಿಷಿದ್ಧ. ಸಿಕ್ಕಿಬಿದ್ದರೆ ಖಾತೆಯನ್ನೇ ಮುಚ್ಚಿ ಟಿಕೆಟ್ ರದ್ದು ಮಾಡುತ್ತಾರೆ.

ಕೊನೆಯದಾಗಿ, ಪಾಯಿಂಟ್ ಬ್ಯಾಂಕಿನ ಠೇವಣಿಯಲ್ಲ. ಬಡ್ಡಿ ಬರುವುದಿಲ್ಲ, ಬೆಲೆ ಇಳಿಯುತ್ತಾ ಹೋಗುತ್ತದೆ. ಪಟ್ಟಿಯನ್ನು ಯಾವಾಗ ಬೇಕಾದರೂ ಬದಲಿಸುವ ಹಕ್ಕನ್ನು ಕಂಪನಿ ತನ್ನಲ್ಲೇ ಇಟ್ಟುಕೊಂಡಿದೆ. ಕೆಲಸಕ್ಕೆ ಬೇಕಾದಷ್ಟು ಕೂಡಿದೊಡನೆ ಬಳಸಿಬಿಡುವುದು ಜಾಣತನ.

ಮನೆಗೆಲಸ

1. ನಿಮ್ಮ ಮನೆಯಲ್ಲಿ ಹೊರದೇಶಕ್ಕೆ ಹೋಗಿ ಬರುವವರು ಇದ್ದರೆ, ಅವರ ಹೆಸರಿನಲ್ಲಿ ಯಾವ ಯೋಜನೆಯ ಸದಸ್ಯತ್ವ ಇದೆ, ಎಷ್ಟು ಪಾಯಿಂಟ್ ಇದೆ, ಯಾವ ದಿನಾಂಕಕ್ಕೆ ಮುಗಿಯುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಸಂಖ್ಯೆಗಳನ್ನು ನನಗೆ ತೋರಿಸಬೇಕಾಗಿಲ್ಲ, ಮನೆಯವರಿಗೆ ತೋರಿಸಿ.

2. ಆ ಕಂಪನಿ ಯಾವ ಕೂಟದಲ್ಲಿದೆ? ಕೂಟದ ಯಾವ ಯಾವ ವಿಮಾನಗಳು ಬೆಂಗಳೂರಿನಿಂದ ಹೊರಡುತ್ತವೆ? ಪಟ್ಟಿ ಮಾಡಿ.

3. ಟಿಕೆಟ್‌ನ ಪೇಟೆ ಬೆಲೆ 30,000 ರೂಪಾಯಿ. ಪಾಯಿಂಟ್‌ನಲ್ಲಾದರೆ 18,000 ಪಾಯಿಂಟ್ ಮತ್ತು 7,500 ರೂಪಾಯಿ. ಒಂದು ಪಾಯಿಂಟ್‌ನ ಬೆಲೆ ಎಷ್ಟು? ಅದೇ ಪಾಯಿಂಟ್‌ಗೆ 5,400 ರೂಪಾಯಿಯ ವೋಚರ್ ಸಿಗುವುದಾದರೆ ಯಾವುದು ಲೇಸು?

4. 12,000 ರೂಪಾಯಿಗೆ ಟಿಕೆಟ್ ಮಾರಿ ಅದರಲ್ಲಿ 600 ರೂಪಾಯಿಯ ಪಾಯಿಂಟ್ ಕೊಟ್ಟ ಕಂಪನಿಯ ಜರ್ನಲ್ ನಮೂದು ಬರೆಯಿರಿ. ಪಾಯಿಂಟ್ ಬಳಕೆಯಾಗದೆ ಅವಧಿ ಮುಗಿದಾಗಿನ ನಮೂದನ್ನೂ ಬರೆಯಿರಿ.

ಮೊದಲ ಪ್ರಶ್ನೆಯನ್ನು ಈ ಭಾನುವಾರವೇ ಮಾಡಿ. ಅಂದು ಪ್ರಶ್ನೆ ಕೇಳಿದ ಹುಡುಗ ಮಾಡಿದ್ದಾನೆ. ಅವನ ಉಪ್ಪನ ಐವತ್ತು ಸಾವಿರದಲ್ಲಿ ಹನ್ನೊಂದು ಸಾವಿರಕ್ಕೆ ಉಳಿದಿದ್ದದ್ದು ನಾಲ್ಕೇ ತಿಂಗಳ ಅವಧಿ. ಈಗ ಅದು ಅವನ ಉಮ್ಮನ ಹೆಸರಿನ ಟಿಕೆಟ್ ಆಗಿದೆ.